ಹಳೆಯ ಮಿಲಿಟರಿ ಜೀಪು: ಮೂಲ ಯಾವುದು, ಪ್ರತಿಕೃತಿ ಯಾವುದು?

ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಅಡಿಕೆ ತೋಟದ ಶೆಡ್ಡಿನಲ್ಲಿ ಹಳೆಯ ಜೀಪೊಂದು ಸಿಕ್ಕಿತೆಂದರೆ ಮೊದಲು ಬರುವ ಪ್ರಶ್ನೆ, ‘ಇದು ಎರಡನೇ ಮಹಾಯುದ್ಧದ ಕಾಲದ್ದೇ?’ ಎಂದು. ಬಣ್ಣ ನೋಡಿ ಹೇಳಲಾಗದು, ಗ್ರಿಲ್ ನೋಡಿಯೂ ಹೇಳಲಾಗದು. ಯುದ್ಧಕಾಲದ, ತಗಡು ಒತ್ತಿ ಮಾಡಿದ ಗ್ರಿಲ್ಲಿಗೆ 9 ಸೀಳು, ಆಮೇಲೆ ನಾಗರಿಕರಿಗೆಂದು ಬಂದ ಸಿಜೆ ಮಾದರಿಗಳಿಗೆ 7 ಎಂಬುದು ನಿಜ. ಆದರೆ 9 ಸೀಳಿನ ಗ್ರಿಲ್ ಹೊಸದಾಗಿಯೇ ಮಾರಾಟಕ್ಕಿದೆ, ಮಹೀಂದ್ರ ಸಿಜೆ-3ಬಿಯ ಚಾಸಿಗೆ (ಅಡಿಯ ಉಕ್ಕಿನ ಚೌಕಟ್ಟಿಗೆ) ಕೂರಿಸಿಯೂ ಬಿಡುತ್ತಾರೆ. ಎರಡರ ವೀಲ್‌ಬೇಸೂ, ಅಂದರೆ ಮುಂದಿನ ಹಿಂದಿನ ಚಕ್ರಗಳ ನಡುವಿನ ಅಂತರವೂ, 80 ಇಂಚು. ಹಾಗಾಗಿ ದೂರದಿಂದ ಮೋಸ ಹೋಗುವುದು ಸುಲಭ.

ನೋಡಬೇಕಾದದ್ದು ಚಾಸಿ. ಯುದ್ಧಕಾಲದ ಜೀಪನ್ನು ವಿಲ್ಲಿಸ್ ಮತ್ತು ಫೋರ್ಡ್ ಎರಡೂ ಕಂಪನಿಗಳು ಮಾಡಿದ್ದವು. 1941ರಿಂದ 1945ರವರೆಗೆ ಬಂದ ವಿಲ್ಲಿಸ್ ಎಂಬಿಯಲ್ಲಿ ರೇಡಿಯೇಟರಿನ ಕೆಳಗಿನ ಅಡ್ಡತೊಲೆ ದುಂಡನೆಯ ಪೈಪು. ಫೋರ್ಡ್ ಜಿಪಿಡಬ್ಲ್ಯೂನಲ್ಲಿ ಅದು ಬೋರಲು ಹಾಕಿದ ‘ಯು’ ಆಕಾರದ್ದು. ವಿಲ್ಲಿಸ್‌ನ ಚಾಸಿ ನಂಬರಿನ ಪ್ಲೇಟನ್ನು ಮುಂದಿನ ಬಂಪರಿನ ಹಿಂದೆ, ಚಾಸಿಯ ಎಡ ತೊಲೆಯ ಒಳಮೈಗೆ ರಿವೆಟ್ ಮಾಡಿರುತ್ತಾರೆ. ಫೋರ್ಡಿನ ನಂಬರ್ ಎಂಜಿನ್ ಮೌಂಟಿನ ಹತ್ತಿರ, ಚಾಸಿಯ ಎಡ ತೊಲೆಯ ಮೇಲ್ಮೈಯಲ್ಲೇ ಪಂಚ್ ಆಗಿರುತ್ತದೆ. ಫೋರ್ಡ್ ತನ್ನ ಬೋಲ್ಟುಗಳ ತಲೆಯ ಮೇಲೂ ‘ಎಫ್’ ಅಕ್ಷರ ಒತ್ತಿದೆ. ನಂಬರ್ ಹುಡುಕಲು ದಯವಿಟ್ಟು ಗ್ರೈಂಡರ್ ಹಿಡಿಯಬೇಡಿ. ಪೇಂಟ್ ರಿಮೂವರ್ ಹಚ್ಚಿ, ನೈಲಾನ್ ಬ್ರಷ್ಷಿನಿಂದ ಉಜ್ಜಿ, ಟಾರ್ಚನ್ನು ಓರೆಯಾಗಿ ಹಿಡಿದರೆ ಸವೆದ ಅಂಕಿಯೂ ಎದ್ದು ಕಾಣುತ್ತದೆ. ಗ್ರೈಂಡರ್ ಒಮ್ಮೆ ಅಳಿಸಿದ ಅಂಕಿ ಮತ್ತೆ ಬಾರದು.

ಬಣ್ಣಕ್ಕೂ ಇದೇ ಎಚ್ಚರ ಬೇಕು. ಸ್ಯಾಂಡ್ ಬ್ಲಾಸ್ಟಿಂಗಿಗೆ ಕೊಡುವ ಮೊದಲು ಡ್ಯಾಶ್‌ಬೋರ್ಡಿನ ಹಿಂಬದಿ, ಟೂಲ್‌ಬಾಕ್ಸ್ ಮುಚ್ಚಳದ ಅಡಿ, ಬಾನೆಟ್ಟಿನ ಪಕ್ಕ ನಾಣ್ಯದಗಲ ಜಾಗವನ್ನು 400 ನಂಬರಿನ ವಾಟರ್ ಪೇಪರಿನಿಂದ ಅಂಚು ಇಳಿಜಾರಾಗುವಂತೆ ತಿಕ್ಕಿ. ಬಾಡಿಗೆಗೆ ಜನರನ್ನು ಸಾಗಿಸುವ ಸರ್ವಿಸ್ ಜೀಪಾಗಿ ಓಡಿದ ಕಾಲದ ಬಣ್ಣ, ಅದರಡಿ ಪ್ರೈಮರ್, ಇನ್ನೂ ಕೆಳಗೆ ಹೊಳಪಿಲ್ಲದ ಆಲಿವ್ ಹಸಿರು ಒಂದರೊಳಗೊಂದು ಉಂಗುರವಾಗಿ ಕಾಣುತ್ತವೆ. ಬಾನೆಟ್ಟಿನಲ್ಲಿ ಸೇನೆಯ ನಂಬರಿನ ತುಣುಕು ಸಿಕ್ಕರೂ ಸಿಕ್ಕೀತು. ಪಕ್ಕದಲ್ಲಿ ಸ್ಕೇಲ್ ಇಟ್ಟು ಫೋಟೊ ತೆಗೆದುಕೊಳ್ಳಿ.

ನಮ್ಮ ಕರಾವಳಿಯ ಉಪ್ಪುಗಾಳಿ, ಮಳೆಗೆ ಮೊದಲು ಸಾಯುವುದು ನೆಲದ ತಗಡು. ಅದಕ್ಕೆ ಕಾರಣ ಒಳಗೇ ಇದೆ: ನೆಲದಡಿಯ ಉದ್ದದ ಚಾನೆಲ್ಲುಗಳ ಒಳಗೆ ಮರದ ಪಟ್ಟಿ ತುಂಬಿರುತ್ತಿದ್ದರು. ಅದು ನೀರು ಹೀರಿ ಹಿಡಿದಿಟ್ಟುಕೊಂಡು ತಗಡನ್ನು ಒಳಗಿನಿಂದ ತಿನ್ನುತ್ತದೆ. ಮೇಲಿನಿಂದ ತಗಡು ಹೊದಿಸಿ ಪುಟ್ಟಿ ಬಳಿದರೆ ಎರಡು ಮಳೆಗಾಲ ದಾಟುವುದು ಕಷ್ಟ. ಚಾನೆಲ್ ಬಿಚ್ಚಿ, ಕೊಳೆತಷ್ಟನ್ನೇ ಕತ್ತರಿಸಿ, ಅದೇ ದಪ್ಪದ ತಗಡನ್ನು ಅಂಚಿಗೆ ಅಂಚು ಕೂಡಿಸಬೇಕು. ಮೂಲದಲ್ಲಿ ಸ್ಪಾಟ್ ವೆಲ್ಡ್ ಇದ್ದ ಕಡೆ ಸ್ಪಾಟ್ ವೆಲ್ಡನ್ನೇ ಹಾಕಿ. ಅದಿಲ್ಲದಿದ್ದರೆ ತೂತು ಕೊರೆದು ಪ್ಲಗ್ ವೆಲ್ಡ್ ಹಾಕಿ ಮಟ್ಟಸ ಮಾಡಿ. ಮುಚ್ಚುವ ಮುನ್ನ ಒಳಗೆ ಜಿಂಕ್ ಪ್ರೈಮರ್ ಹೊಡೆಯಿರಿ, ನೀರಿಳಿಯುವ ತೂತು ಬಿಡಿ. ಹೊಸ ತುಂಡಿನ ಕಾಣದ ಬದಿಯಲ್ಲಿ ಇಸವಿ ಪಂಚ್ ಮಾಡುವುದನ್ನು ಮರೆಯಬೇಡಿ. ಮುಂದೆ ನೋಡುವವನಿಗೆ ಮೂಲ ಯಾವುದು, ನಮ್ಮ ಕೆಲಸ ಯಾವುದೆಂದು ತಿಳಿಯಬೇಕು.

ಇಡೀ ಬಾಡಿಯೇ ಹೋಗಿದ್ದರೆ ಫಿಲಿಪೀನ್ಸ್‌ನಲ್ಲಿ ಒತ್ತಿದ ಹೊಸ ಬಾಡಿ ಸಿಗುತ್ತದೆ. ಮೂಲ ಚಾಸಿ, ಎಂಜಿನ್, ಆಕ್ಸಲ್‌ಗಳ ಮೇಲೆ ಅದನ್ನು ಕೂರಿಸಿ, ಕೂರಿಸಿದ್ದೇವೆಂದು ಬರೆದಿಟ್ಟರೆ ನನ್ನ ಮಟ್ಟಿಗೆ ಅದು ಪ್ರಾಮಾಣಿಕ ಕೆಲಸ. ಸಿಜೆ-3ಬಿಯನ್ನು ಯುದ್ಧಜೀಪಿನ ರೂಪಕ್ಕೆ ತಂದು ‘ಪ್ರತಿಕೃತಿ’ ಎಂದು ತೋರಿಸುವುದರಲ್ಲೂ ಕಳಂಕವಿಲ್ಲ. ಬೇರೆ ಚಾಸಿಗೆ ಹಳೆಯ ಚಾಸಿ ನಂಬರಿನ ಪ್ಲೇಟ್ ಹೊಡೆದು ಮಾರುವುದು ಮಾತ್ರ ವಂಚನೆ.

ವೈರಿಂಗಿನಲ್ಲಿ ಒಂದು ತಪ್ಪು ಪದೇ ಪದೇ ಆಗುತ್ತದೆ. ಮೂಲ ಜೀಪಿನದು 6 ವೋಲ್ಟ್. ಅಷ್ಟೇ ಶಕ್ತಿಗೆ 12 ವೋಲ್ಟಿನ ಎರಡು ಪಟ್ಟು ಕರೆಂಟ್ ಹರಿಯಬೇಕು. ಈಗಿನ ಕಾರಿನ ಸಣ್ಣ ಬ್ಯಾಟರಿ ಕೇಬಲ್ ಹಾಕಿದರೆ ಸ್ಟಾರ್ಟರ್ ಮುಲುಗುತ್ತದೆ, ದೂರು ಎಂಜಿನ್ನಿನ ಮೇಲೆ ಬರುತ್ತದೆ. ದಪ್ಪ ಕೇಬಲ್ ಹಾಕಿ, ಅರ್ತ್ ಕೂರುವ ಜಾಗದ ಪೇಂಟ್ ಕೆರೆದು ಬಿಗಿದರೆ 12 ವೋಲ್ಟಿಗೆ ಬದಲಿಸುವ ಪ್ರಮೇಯವೇ ಬರದು. ಎರಡು ಹೋಳಿನ ಕಾಂಬ್ಯಾಟ್ ವೀಲ್ ಇದ್ದರೆ, ವಾಲ್ವ್ ತೆಗೆದು ಗಾಳಿ ಪೂರ್ತಿ ಬಿಡುವ ತನಕ ಹೋಳುಗಳನ್ನು ಹಿಡಿದ ನಟ್ಟಿಗೆ ಸ್ಪಾನರ್ ಇಡಬೇಡಿ. ರಿಮ್ಮು ಸಿಡಿದು ಜೀವಕ್ಕೇ ಅಪಾಯ.

ಇನ್ನು ಆರ್‌ಟಿಒ. ಕೇಂದ್ರ ಮೋಟಾರು ವಾಹನ ನಿಯಮಗಳ 2021ರ ತಿದ್ದುಪಡಿಯಂತೆ 50 ವರ್ಷ ದಾಟಿದ ವಾಹನಕ್ಕೆ ‘ವಿಎ’ ಸರಣಿಯ ವಿಂಟೇಜ್ ನೋಂದಣಿ ಸಿಗುತ್ತದೆ, ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ. ಚಾಸಿ, ಬಾಡಿ, ಎಂಜಿನ್ ಗಣನೀಯವಾಗಿ ಬದಲಾಗಿರಬಾರದು ಎಂಬುದು ಷರತ್ತು. ಡೀಸೆಲ್ ಎಂಜಿನ್ ಕೂರಿಸಿದ ಜೀಪಿಗೆ ಇಲ್ಲೇ ತೊಡಕಾಗುವುದು. ಆದ್ದರಿಂದ ಮೂಲದ 2199 ಸಿಸಿ ಪೆಟ್ರೋಲ್ ಎಂಜಿನ್ ಶೆಡ್ಡಿನ ಮೂಲೆಯಲ್ಲಿ ಬಿದ್ದಿದ್ದರೆ, ಬ್ಲಾಕ್ ಒಡೆದಿದ್ದರೂ ಸರಿ, ಗುಜರಿಗೆ ಹಾಕಬೇಡಿ.