ಗುಳ್ಳೆ ನಿಂತಿದೆ, ಇನ್ನು ಸೈಡರ್ ಬಾಟಲಿಗೆ ತುಂಬಬಹುದಾ?

ಪ್ರಶ್ನೆ: ನಿವೃತ್ತಿಯಾದ ಮೇಲೆ ಮನೆಗೆ ಬೇಕಾದದ್ದನ್ನು ಆದಷ್ಟು ನಾವೇ ಮಾಡಿಕೊಳ್ಳೋಣ ಅಂತ ಹೊರಟಿದ್ದೇವೆ. ನಮ್ಮದೇ ಮರಗಳ ಸೇಬಿನಿಂದ ಮೊದಲ ಸಲ ಸೈಡರ್ (ಸೇಬಿನ ರಸ ಹುದುಗಿಸಿದ ಪಾನೀಯ) ಹಾಕಿದ್ದೇವೆ. ಮೂರು ವಾರ ಏರ್‌ಲಾಕ್‌ನಲ್ಲಿ (ಒಳಗಿನ ಅನಿಲ ಹೊರಬಿಟ್ಟು ಹೊರಗಿನ ಗಾಳಿ ತಡೆಯುವ ಮುಚ್ಚಳದ ಕೊಳವೆ) ಗುಳ್ಳೆ ಬರುತ್ತಿತ್ತು, ಈಗ ನಿಂತಿದೆ. ಬಾಟಲಿಗೆ ತುಂಬಬಹುದಾ?

ಉತ್ತರ: ಈಗಲೇ ಬೇಡ. ಗುಳ್ಳೆ ನಿಂತ ಮಾತ್ರಕ್ಕೆ ಹುದುಗುವುದು ಮುಗಿಯಿತು ಅಂತಲ್ಲ. ಚಳಿ ಜಾಸ್ತಿಯಾದರೆ ಯೀಸ್ಟ್ ಮಂಕಾಗಿ ಕೂತುಬಿಡುತ್ತದೆ. ಮುಚ್ಚಳ ಸರಿಯಾಗಿ ಕೂತಿರದಿದ್ದರೆ ಅನಿಲ ಪಕ್ಕದಿಂದ ಸೋರಿ ಹೋಗುತ್ತದೆ. ಹೊರಗಿನಿಂದ ನೋಡುವವರಿಗೆ ಎಲ್ಲ ಮುಗಿದ ಹಾಗೇ ಕಾಣುತ್ತದೆ, ಒಳಗೆ ಸಕ್ಕರೆ ಇನ್ನೂ ಉಳಿದಿರುತ್ತದೆ.

ನಾನು ಮೊದಲ ವರ್ಷ ಈ ತಪ್ಪು ಮಾಡಿದ್ದೆ. ಚಳಿಗಾಲದಲ್ಲಿ ತುಂಬಿಟ್ಟೆ. ಬಿಸಿಲು ಏರಿದ ಮೇಲೆ ಒಂದು ರಾತ್ರಿ ಉಗ್ರಾಣದಿಂದ ದೊಡ್ಡ ಸದ್ದು ಬಂತು. ಬೆಳಿಗ್ಗೆ ಹೋಗಿ ನೋಡಿದರೆ ಗಾಜಿನ ಚೂರೊಂದು ಎದುರಿನ ಮರದ ಬಾಗಿಲಿಗೆ ನಾಟಿಕೊಂಡಿತ್ತು. ಆ ಹೊತ್ತಿಗೆ ಅಲ್ಲಿ ಯಾರಾದರೂ ನಿಂತಿದ್ದರೆ ಅಂತ ನೆನೆದರೆ ಈಗಲೂ ಎದೆ ಝಲ್ಲೆನ್ನುತ್ತದೆ.

ಲೆಕ್ಕ ಕಷ್ಟದ್ದೇನಲ್ಲ. ಯೀಸ್ಟ್ ತಿಂದ ಸಕ್ಕರೆಯಲ್ಲಿ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ಆಲ್ಕೋಹಾಲ್ ಆಗುತ್ತದೆ, ಇನ್ನರ್ಧ ಇಂಗಾಲದ ಡೈಆಕ್ಸೈಡ್. ಲೀಟರಿಗೆ 4 ಗ್ರಾಂ ಸಕ್ಕರೆ ಇದ್ದರೆ ಸುಮಾರು ಒಂದು ಲೀಟರ್ ಅನಿಲ ಹುಟ್ಟುತ್ತದೆ. ಚೆನ್ನಾಗಿ ನೊರೆಯೇಳುವ ಸೈಡರಿಗೆ ಲೀಟರಿಗೆ 6ರಿಂದ 8 ಗ್ರಾಂ ಸಾಕು. ಹೈಡ್ರೋಮೀಟರ್ (ದ್ರವದಲ್ಲಿ ತೇಲಿಬಿಟ್ಟು ಅದರ ಸಾಂದ್ರತೆ ಅಳೆಯುವ ಕಡ್ಡಿ; ನೀರಿಗೆ 1.000, ಸಕ್ಕರೆ ಹೆಚ್ಚಿದಷ್ಟೂ ಅಂಕಿ ಮೇಲೆ) 1.010 ತೋರಿಸುತ್ತಿದೆ ಅಂದರೆ ಲೀಟರಿಗೆ ಇನ್ನೂ 20 ಗ್ರಾಂ ಮೇಲೆ ಸಕ್ಕರೆ ಇದೆ ಅಂತ. ಅದನ್ನು ಸಾಮಾನ್ಯ ಬಿಯರ್ ಬಾಟಲಿಯಲ್ಲಿ ಮುಚ್ಚಿಟ್ಟರೆ ಏನಾದೀತು ನೀವೇ ಯೋಚಿಸಿ. ಚೌಕಾಕಾರದ ಬಾಟಲಿಯಂತೂ ಬೇಡವೇ ಬೇಡ, ಅದು ಮೂಲೆಯಲ್ಲೇ ಸೀಳುತ್ತದೆ.

ಹಾಗಾಗಿ ಒಂದು ಹೈಡ್ರೋಮೀಟರ್ ಇಟ್ಟುಕೊಳ್ಳಿ. ಉದ್ದನೆಯ ಜಾಡಿಗೆ ಸೈಡರ್ ಹಾಕಿ, ಅದರಲ್ಲಿ ಮೀಟರ್ ತೇಲಿಬಿಟ್ಟು, ಬೆರಳಿನಿಂದ ಒಮ್ಮೆ ತಿರುಗಿಸಿ. ಕಡ್ಡಿಗೆ ಅಂಟಿದ ಸಣ್ಣ ಗುಳ್ಳೆಗಳು ಅದನ್ನು ಮೇಲಕ್ಕೆತ್ತಿ ಸುಳ್ಳು ಅಂಕಿ ತೋರಿಸುತ್ತವೆ, ತಿರುಗಿಸಿದರೆ ಉದುರುತ್ತವೆ. ಕಣ್ಣನ್ನು ದ್ರವದ ಮಟ್ಟಕ್ಕೇ ತಂದು ಓದಿ. ಅಂಚಿನಲ್ಲಿ ಮೇಲೇರಿದ ಗೆರೆ ಬಿಟ್ಟು ನಡುವಿನ ತಗ್ಗಿದ ಮಟ್ಟವನ್ನು ಹಿಡಿಯಬೇಕು. ತಾಜಾ ರಸ ಸಾಮಾನ್ಯವಾಗಿ 1.045ರಿಂದ 1.055ರ ನಡುವೆ ಇರುತ್ತದೆ. ಪೂರ್ತಿ ಹುದುಗಿದರೆ 1.000ದ ಹತ್ತಿರ, ಕೆಲವೊಮ್ಮೆ ಅದಕ್ಕೂ ಕೆಳಗೆ ಇಳಿಯುತ್ತದೆ. 1.050ರಿಂದ 1.000ಕ್ಕೆ ಬಂದರೆ ಆಲ್ಕೋಹಾಲ್ ಸುಮಾರು 6.5 ಶೇಕಡಾ.

ವಾರ ಬಿಟ್ಟು ಮತ್ತೆ ಅಳೆಯಿರಿ. ಅಂಕಿ ಬದಲಾಗದೆ 1.000ದ ಆಸುಪಾಸಿನಲ್ಲೇ ಇದ್ದರೆ ಮುಗಿಯಿತು. ಮೇಲೆಯೇ, 1.010ರಲ್ಲಿ ನಿಂತಿದ್ದರೆ ನಂಬಬೇಡಿ. ಸೈಡರ್ ಹುದುಗುತ್ತಿರುವ ಜಾಡಿಯನ್ನು ಬೆಚ್ಚಗಿನ ಕೋಣೆಗೆ ತಂದು ಎರಡು ವಾರ ಕಾಯಿರಿ. ಬಹಳ ಸಲ ಮತ್ತೆ ಗುಳ್ಳೆ ಶುರುವಾಗುತ್ತದೆ.

ಅಷ್ಟು ದಿನ ಕಾದರೆ ಕೆಡುವುದಿಲ್ಲವಾ ಅಂತ ಕೇಳಬಹುದು. ಕೆಡಿಸುವುದು ಗಾಳಿ. ತಳದಲ್ಲಿ ಕೂತ ಗಸಿಯನ್ನು ಬಿಟ್ಟು ತಿಳಿಯನ್ನು ಕೊಳವೆಯಿಂದ ಬೇರೆ ಜಾಡಿಗೆ ಇಳಿಸಿ, ಕುತ್ತಿಗೆವರೆಗೂ ತುಂಬಿಸಿ, ಏರ್‌ಲಾಕ್ ಹಾಕಿಬಿಡಿ. ಹಾಗಿಟ್ಟರೆ ತಿಂಗಳುಗಟ್ಟಲೆ ಇರುತ್ತದೆ, ರುಚಿಯೂ ಮೃದುವಾಗುತ್ತದೆ. ಮೇಲೆ ಜಾಗ ಬಿಟ್ಟರೆ ಗಾಳಿ ಸಿಕ್ಕ ಬ್ಯಾಕ್ಟೀರಿಯಾ ಅದನ್ನು ವಿನೆಗರ್ ಮಾಡಿಬಿಡುತ್ತವೆ. ನಿವೃತ್ತಿಯಲ್ಲಿ ನಮ್ಮ ಕೈಯಲ್ಲಿರುವ ದೊಡ್ಡ ಆಸ್ತಿ ಸಮಯವೇ ಅಲ್ವಾ, ಅದನ್ನು ಇಲ್ಲಿ ಧಾರಾಳವಾಗಿ ಖರ್ಚು ಮಾಡಿ. ವರ್ಷಕ್ಕಾಗುವಷ್ಟು ಮಾಡಿಡುವವರ ಬಾಟಲಿಗಳು ಬೇಸಿಗೆಯನ್ನೂ ದಾಟಬೇಕು, ಅದನ್ನೂ ಮರೆಯಬೇಡಿ.

ತುಂಬುವ ದಿನ, ನೊರೆ ಬೇಕಿದ್ದರೆ ಮೇಲೆ ಹೇಳಿದ 6ರಿಂದ 8 ಗ್ರಾಂ ಸಕ್ಕರೆಯನ್ನು ಲೀಟರಿಗೆ ಬೆರೆಸಿಕೊಂಡು, ಒಂದು ಉಪಾಯ ಮಾಡಿ. ಎಲ್ಲವನ್ನೂ ದಪ್ಪ ಗಾಜಿನ ದುಂಡು ಬಾಟಲಿಗೆ ತುಂಬಿ, ಒಂದನ್ನು ಮಾತ್ರ ಸೋಡಾದ ಪ್ಲಾಸ್ಟಿಕ್ ಬಾಟಲಿಗೆ ಹಾಕಿ. ದಿನಾ ಅದನ್ನು ಹಿಸುಕಿ ನೋಡಿ. ಅಂಗಡಿಯಿಂದ ತಂದ ಸೋಡಾದಷ್ಟು ಗಟ್ಟಿಯಾದರೆ ಗಾಜಿನೊಳಗೂ ಅಷ್ಟೇ ಒತ್ತಡ ಇದೆ ಅಂತ ಅರ್ಥ. ಆಗ ಎಲ್ಲವನ್ನೂ ತಂಪು ಜಾಗಕ್ಕೆ ಸಾಗಿಸಿ. ಅಲ್ಲೂ ಗಟ್ಟಿಯಾಗುತ್ತಲೇ ಹೋದರೆ ದಪ್ಪ ಕೈಗವಸು, ಕನ್ನಡಕ ಹಾಕಿಕೊಂಡು ಒಂದೊಂದೇ ಮುಚ್ಚಳ ಸಡಿಲಿಸಿ ಅನಿಲ ಬಿಡಿ.

ಸಿಹಿ ಸೈಡರ್ ಬೇಕು ಅಂತ ಸಕ್ಕರೆ ಉಳಿದಿರುವಾಗಲೇ ತುಂಬಲು ಹೋಗಬೇಡಿ. ಪೂರ್ತಿ ಹುದುಗಿಸಿ ತುಂಬಿಡಿ, ಕುಡಿಯುವಾಗ ಲೋಟಕ್ಕೆ ಸ್ವಲ್ಪ ಸೇಬಿನ ರಸ ಬೆರೆಸಿಕೊಳ್ಳಿ.