ಚಳಿ ಶುರುವಾದರೆ ಕರಿಬೇವಿನ ಗಿಡ ಬೋಳಾಗುತ್ತದೆ, ಏನು ಮಾಡಲಿ?

ಪ್ರಶ್ನೆ: ನಾವು ಅಮೆರಿಕದ ನ್ಯೂಜೆರ್ಸಿಯಲ್ಲಿದ್ದೇವೆ. ಬೇಸಿಗೆಯಲ್ಲಿ ಹೊರಗೆ ಸೊಂಪಾಗಿ ಬೆಳೆಯುವ ಕರಿಬೇವು, ಮನೆಯೊಳಗೆ ತಂದ ಕೆಲವೇ ವಾರಕ್ಕೆ ಎಲೆಯೆಲ್ಲ ಉದುರಿಸುತ್ತದೆ. ಹೋದ ವರ್ಷದ ಗಿಡ ಹಾಗೇ ಸತ್ತುಹೋಯಿತು, ಎಸೆದುಬಿಟ್ಟೆವು. ಈ ಸಲ ಉಳಿಸಿಕೊಳ್ಳೋದು ಹೇಗೆ?

ಉತ್ತರ: ಹೋದ ವರ್ಷದ ಗಿಡ ನಿಜವಾಗಿ ಸತ್ತಿತ್ತಾ? ಕೇಳೋದಕ್ಕೆ ಕಾರಣ ಇದೆ. ಬೆಳಕು, ಬಿಸಿ ಎರಡೂ ಕಡಿಮೆಯಾದಾಗ ಕರಿಬೇವು ಎಲೆ ಉದುರಿಸಿ ಸುಮ್ನೆ ನಿಂತುಬಿಡುತ್ತದೆ. ನೋಡಿದವರಿಗೆ ಒಣಕಡ್ಡಿ. ಆದರೆ ಕಾಂಡವನ್ನು ಉಗುರಿನಿಂದ ಒಂಚೂರು ಕೆರೆದು ನೋಡಿ. ತೊಗಟೆಯ ಕೆಳಗೆ ಹಸಿರು ಕಂಡರೆ ಜೀವ ಇದೆ. ಕಂದು ಬಣ್ಣವಿದ್ದರೆ ಇನ್ನೂ ಕೆಳಗೆ, ಮಣ್ಣಿನ ಹತ್ತಿರ ಕೆರೆಯಿರಿ. ಎಷ್ಟೋ ಸಲ ಮೇಲೆಲ್ಲ ಒಣಗಿ ಬುಡದಲ್ಲಿ ಹಸಿರು ಉಳಿದಿರುತ್ತದೆ.

ಬೋಳಾದ ಗಿಡವನ್ನು ಕೊಲ್ಲುವುದು ಹೆಚ್ಚಾಗಿ ನಮ್ಮ ಅಕ್ಕರೆಯೇ. ಎಲೆ ಉದುರಿತು, ಪಾಪ ಬಾಯಾರಿರಬೇಕು ಅಂತ ದಿನಾ ನೀರು ಹಾಕುತ್ತೇವೆ. ಎಲೆಯೇ ಇಲ್ಲದ ಗಿಡ ಆ ನೀರನ್ನು ಕುಡಿಯುವುದು ತೀರಾ ಕಡಿಮೆ. ಮಣ್ಣು ಒದ್ದೆಯಾಗೇ ಉಳಿದು ಬೇರು ಕೊಳೆಯುತ್ತದೆ. ನನ್ನ ಮೊದಲ ಗಿಡ ಹೋಗಿದ್ದು ಹೀಗೇ. ಕುಂಡದಿಂದ ಎತ್ತಿ ನೋಡಿದಾಗ ಬೇರು ಕಪ್ಪಾಗಿ ಮೆತ್ತಗಾಗಿತ್ತು, ಮುಟ್ಟಿದರೆ ಸಿಪ್ಪೆ ಜಾರಿ ಬರುತ್ತಿತ್ತು. ಅಂದಿನಿಂದ ಒಂದು ಅಭ್ಯಾಸ: ಬೆರಳನ್ನು ಎರಡು ಗೆಣ್ಣು ಮಣ್ಣಿಗಿಳಿಸಿ, ಒಣಗಿದೆ ಅನಿಸಿದರೆ ಮಾತ್ರ ನೀರು. ಚಳಿಯಲ್ಲಿ ಎರಡು ವಾರಕ್ಕೊಮ್ಮೆ ಹಾಕಿದರೂ ಸಾಕಾಗುವುದುಂಟು. ತಟ್ಟೆಯಲ್ಲಿ ನಿಂತ ನೀರು ಚೆಲ್ಲಿಬಿಡಿ.

ಇನ್ನು ಒಳಗೆ ತರುವ ಸಮಯ. ಹಿಮ ಬೀಳುವವರೆಗೆ ಕಾಯಬೇಡಿ. ರಾತ್ರಿಯ ತಾಪಮಾನ 50 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 10 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಯುವ ಮುಂಚೆಯೇ ಗಿಡ ಒಳಗಿರಬೇಕು. ನಿಮ್ಮ ಕಡೆ ಅದು ಸೆಪ್ಟೆಂಬರ್ ಕೊನೆಯ ಹೊತ್ತಿಗೇ ಬರಬಹುದು. ಒಂದೇ ದಿನ ಬಿಸಿಲಿಂದ ಹಾಲ್‌ನ ಮೂಲೆಗೆ ತಂದಿಟ್ಟರೆ ಗಿಡ ಬೆಚ್ಚಿಬೀಳುತ್ತದೆ. ಮೊದಲು ವಾರ, ಹತ್ತು ದಿನ ನೆರಳಲ್ಲಿಡಿ. ಗೊಬ್ಬರವನ್ನು ಸೆಪ್ಟೆಂಬರ್‌ನಲ್ಲೇ ನಿಲ್ಲಿಸಿ, ಇಲ್ಲದಿದ್ದರೆ ಎಳೆ ಚಿಗುರು ಬಂದು ಚಳಿಗೆ ಸಿಕ್ಕಿಬೀಳುತ್ತದೆ. ಊರಲ್ಲಿ ಬುಡಕ್ಕೆ ಹುಳಿ ಮಜ್ಜಿಗೆ ಹಾಕುತ್ತೇವಲ್ವಾ, ಅದನ್ನೂ ಬೇಸಿಗೆಗೇ ಇಟ್ಟುಕೊಳ್ಳಿ. ಮುಚ್ಚಿದ ಮನೆಯಲ್ಲಿ ವಾಸನೆ, ಸಣ್ಣ ನೊಣ ಎರಡೂ ಬರುತ್ತವೆ.

ತರುವ ಮುಂಚೆ ಎಲೆ ಮಗುಚಿ ನೋಡಿ. ಬಿಳಿನೊಣ, ಜೇಡನುಸಿ ಇರುವುದು ಹೆಚ್ಚಾಗಿ ಅಡಿಭಾಗದಲ್ಲೇ, ಕಂದು ಶಲ್ಕ ಕೀಟ ಕಾಂಡಕ್ಕೂ ಅಂಟಿರುತ್ತದೆ. ಪೈಪಿನ ನೀರಿನಿಂದ ಜೋರಾಗಿ ತೊಳೆದು, ಬೇವಿನೆಣ್ಣೆಗೆ ಸ್ವಲ್ಪ ಸೋಪು, ನೀರು ಬೆರೆಸಿ ಸಂಜೆ ಹೊತ್ತು ಸಿಂಪಡಿಸಿ. ವಾರ ಬಿಟ್ಟು ಇನ್ನೊಮ್ಮೆ. ಹುಳ ಒಳಗೆ ಬಂದರೆ ಹೀಟರ್‌ನ ಒಣ ಗಾಳಿಯಲ್ಲಿ ಜೇಡನುಸಿಗೆ ಹಬ್ಬ.

ಜಾಗ ಅಂದರೆ ದಕ್ಷಿಣದ ಕಿಟಕಿ. ಹೀಟರ್ ಗಾಳಿ ನೇರವಾಗಿ ತಾಗಬಾರದು, ಎಲೆ ರಾತ್ರಿ ತಣ್ಣನೆಯ ಗಾಜಿಗೆ ಒತ್ತಿಕೊಳ್ಳಬಾರದು. ಬಿಸಿಲು ಸಾಲದಿದ್ದರೆ ಗಿಡಕ್ಕೆಂದೇ ಸಿಗುವ ಎಲ್‌ಇಡಿ ದೀಪವನ್ನು ದಿನಕ್ಕೆ 12 ಗಂಟೆ ಹಾಕಿ. ಇಷ್ಟಾದರೂ ಒಂದಿಷ್ಟು ಎಲೆ ಉದುರುತ್ತದೆ. ಹಸಿರಾಗಿರುವಾಗಲೇ ಕಿತ್ತು ಫ್ರೀಜರ್‌ನಲ್ಲಿಡಿ, ಒಗ್ಗರಣೆಗಾಯಿತು.

ಇಷ್ಟೆಲ್ಲ ಯಾಕೆ, ಊರಿಂದ ಇನ್ನೊಂದು ಗಿಡ ತರೋಣ ಅನಿಸಬಹುದು. ಹಾಗೆ ತರುವಂತಿಲ್ಲ. ಕರಿಬೇವು ನಿಂಬೆ, ಕಿತ್ತಳೆಯ ಬಳಗದ್ದು. ಆ ಮರಗಳಿಗೆ ರೋಗ ಹರಡುವ ಸಿಲಿಡ್ ಅನ್ನುವ ಪುಟ್ಟ ಕೀಟ ಕರಿಬೇವಿನ ಮೇಲೂ ಬದುಕುತ್ತದೆ. ಹಾಗಾಗಿ ಅಮೆರಿಕದಲ್ಲಿ ಗಿಡ, ಹಸಿ ಎಲೆ ಎರಡಕ್ಕೂ ಕಟ್ಟುನಿಟ್ಟು.

 

ಫೆಬ್ರವರಿ, ಮಾರ್ಚ್ ಹೊತ್ತಿಗೆ ಹಗಲು ದೊಡ್ಡದಾಗುತ್ತದೆ. ಬೋಳು ಕಡ್ಡಿಯ ಗಂಟಿನಲ್ಲಿ ರಾಗಿಕಾಳಿನಷ್ಟು ಹಸಿರು ಉಬ್ಬುತ್ತದೆ. ಅದು ಕಂಡ ಮೇಲೆ ಒಣಗಿದ ತುದಿ ಕತ್ತರಿಸಿ, ನೀರು ಸ್ವಲ್ಪ ಸ್ವಲ್ಪ ಹೆಚ್ಚಿಸಿ. ಹೊರಗಿಡುವುದು ಮೇ ತಿಂಗಳ ಮಧ್ಯದ ನಂತರವೇ. ಮೊದಲ ವಾರ ನೆರಳಲ್ಲಿ, ಯಾಕೆಂದರೆ ಒಳಗೆ ಹುಟ್ಟಿದ ಎಲೆ ನೇರ ಬಿಸಿಲನ್ನು ಇನ್ನೂ ಕಂಡಿರುವುದಿಲ್ಲ.