ಹೊಟ್ಟೆಯಿಂದ ಹೊರಗೆ ಹೋಗಿ ಬರುವ ಕರುಳು

ಮಕ್ಕಳ ಸರ್ಜನ್ ಆದ ನನಗೆ ಹಸಿರು ವಾಂತಿ ಎಂದರೆ ಭಯ. ಹುಟ್ಟಿ ಮೂರು ದಿನದ ಮಗು ಹಸಿರಾಗಿ ವಾಂತಿ ಮಾಡಿತು ಎಂದು ನರ್ಸ್ ಫೋನ್ ಮಾಡಿದರೆ, ಕೈಯಲ್ಲಿರುವ ಕೆಲಸ ಬಿಟ್ಟು ಓಡುತ್ತೇನೆ. ಕುಡಿದ ಹಾಲನ್ನು ಬೆಳ್ಳಗೆ ಕಕ್ಕುವುದು ಬೇರೆ. ಹಸಿರು ಅಂದರೆ ಪಿತ್ತ, ಲಿವರ್‌ನಿಂದ ಕರುಳಿಗೆ ಇಳಿಯುವ ರಸ. ಅದು ಕೆಳಗೆ ಇಳಿಯದೆ ಬಾಯಿಗೆ ಬಂತು ಅಂದರೆ, ಮುಂದೆ ಎಲ್ಲೋ ದಾರಿ ಕಟ್ಟಿರಬಹುದು.

ಆಪರೇಷನ್ ಮುಗಿದ ಮೇಲೆ ತಾಯಂದಿರು ತಪ್ಪದೆ ಕೇಳುತ್ತಾರೆ, "ಡಾಕ್ಟ್ರೇ, ನಾನೇನಾದ್ರೂ ತಿನ್ನಬಾರದ್ದು ತಿಂದ್ನಾ?" ಇಲ್ಲಮ್ಮ, ನೀವು ತಿಂದದ್ದರಿಂದ ಆದದ್ದಲ್ಲ ಇದು. ಮಗು ಹೆಬ್ಬೆರಳಿನಷ್ಟು ಉದ್ದವೂ ಇಲ್ಲದಿದ್ದಾಗ ಆದದ್ದು.

ಗರ್ಭ ಕಟ್ಟಿದ ಮೂರನೇ ವಾರದಲ್ಲಿ ಭ್ರೂಣ ಮೂರು ಪದರದ ಒಂದು ಚಪ್ಪಟೆ ಬಿಲ್ಲೆ. ನಾಲ್ಕನೇ ವಾರದಲ್ಲಿ ಅದರ ತಲೆ, ಬಾಲ, ಎರಡು ಪಕ್ಕ ಎಲ್ಲವೂ ಒಳಕ್ಕೆ ಬಾಗುತ್ತವೆ. ಆಗ ಕೆಳಗಿನ ಪದರ ಸುರುಳಿ ಸುತ್ತಿಕೊಂಡು ಕೊಳವೆಯಾಗುತ್ತದೆ. ಅನ್ನನಾಳ, ಜಠರ, ಕರುಳು ಎಲ್ಲವೂ ಇದರಿಂದಲೇ. ಲಿವರ್ ಕೂಡ ಈ ಕೊಳವೆಯಿಂದ ಹೊರಟ ಮೊಗ್ಗು. ಬಾಯಿಯ ಕಡೆಯ ಪೊರೆ ಆ ನಾಲ್ಕನೇ ವಾರದಲ್ಲೇ ಒಡೆಯುತ್ತದೆ. ಗುದದ ಕಡೆ ದಾರಿ ತೆರೆಯಲು ಇನ್ನೂ ಕೆಲವು ವಾರ ಬೇಕು.

ಕೊಳವೆಯನ್ನು ನಾವು ಮುಂಗರುಳು, ನಡುಗರುಳು, ಹಿಂಗರುಳು ಎಂದು ಮೂರು ಭಾಗ ಮಾಡುತ್ತೇವೆ. ಸುಮ್ನೆ ಗೆರೆ ಎಳೆದದ್ದಲ್ಲ, ಒಂದೊಂದಕ್ಕೂ ರಕ್ತ ಕೊಡುವ ನಾಳವೇ ಬೇರೆ. ಅಪೆಂಡಿಕ್ಸ್ ಇರುವುದು ಬಲಗಡೆ ಕೆಳಗೆ, ಆದರೆ ಅದರ ನೋವು ಮೊದಲು ಶುರುವಾಗುವುದು ಹೊಕ್ಕುಳ ಸುತ್ತ, ಅಲ್ವಾ? ಅದು ನಡುಗರುಳಿನ ಕೂಸು. ನಡುಗರುಳಿನ ನೋವನ್ನು ಮೆದುಳು ಗುರುತಿಸುವುದೇ ಹೊಕ್ಕುಳ ಹತ್ತಿರ.

ಈ ನಡುಗರುಳು ಬೆಳೆಯುವ ಪರಿ ನನಗೆ ಇಂದಿಗೂ ಬೆರಗು. ಆರನೇ ವಾರದ ಹೊತ್ತಿಗೆ ಅದು ಹೊಟ್ಟೆಗಿಂತ ಜೋರಾಗಿ ಬೆಳೆಯುತ್ತಿರುತ್ತದೆ. ಒಳಗೆ ಲಿವರ್ ಆಗಲೇ ಜಾಗವನ್ನೆಲ್ಲ ಹಿಡಿದು ಕೂತಿರುತ್ತದೆ. ಹಾಗಾಗಿ ಕರುಳು ಹೊಟ್ಟೆಯಿಂದ ಹೊರಬಿದ್ದು ಹೊಕ್ಕುಳಬಳ್ಳಿಯೊಳಗೆ ಸೇರುತ್ತದೆ! ಸುಮಾರು ನಾಲ್ಕು ವಾರ ಅಲ್ಲೇ ಬೆಳೆದು, ಹತ್ತನೇ ವಾರದಲ್ಲಿ ಮರಳಿ ಬರುತ್ತದೆ. (ಇವು ಗರ್ಭ ಕಟ್ಟಿದಾಗಿನಿಂದ ಎಣಿಸಿದ ವಾರಗಳು. ಸ್ಕ್ಯಾನ್ ರಿಪೋರ್ಟಿನಲ್ಲಿ ಎರಡು ವಾರ ಜಾಸ್ತಿ ಇರುತ್ತದೆ.) ಅದಕ್ಕೇ ಬೇಗ ಮಾಡಿದ ಸ್ಕ್ಯಾನ್‌ನಲ್ಲಿ ಹೊಕ್ಕುಳ ಬಳಿ ಸಣ್ಣ ಉಬ್ಬು ಕಂಡ ಮಾತ್ರಕ್ಕೆ ಗಾಬರಿ ಬೇಡ.

ಹೋಗಿ ಬರುವಾಗ ಕರುಳು ತನ್ನ ಮುಖ್ಯ ರಕ್ತನಾಳದ ಸುತ್ತ ತಿರುಗುತ್ತದೆ. ಹೊರಗಿದ್ದಾಗ 90 ಡಿಗ್ರಿ, ಒಳಗೆ ಬರುವಾಗ 180, ಒಟ್ಟು 270 ಡಿಗ್ರಿ. ಎದುರಿನಿಂದ ನೋಡಿದರೆ ಗಡಿಯಾರದ ಮುಳ್ಳಿಗೆ ವಿರುದ್ಧ ದಿಕ್ಕು. ಕೊನೆಗೆ ಅದನ್ನು ಹಿಡಿದಿಡುವ ಪೊರೆ ಬೆನ್ನ ಕಡೆ ಎಡ ಮೇಲಿನಿಂದ ಬಲ ಕೆಳಗಿನವರೆಗೆ ಅಗಲವಾಗಿ ಅಂಟಿಕೊಳ್ಳುತ್ತದೆ. ಆ ಅಗಲವೇ ಕರುಳಿಗೆ ಕಾವಲು.

ತಿರುಗುವುದು ಅರ್ಧಕ್ಕೆ ನಿಂತರೆ ಪೊರೆ ಅಂಟಿಕೊಳ್ಳುವ ಈ ಬುಡ ಸಣ್ಣ ತೊಟ್ಟಿನಂತೆ ಉಳಿಯುತ್ತದೆ. ಆ ತೊಟ್ಟಿನ ಮೇಲೆ ಇಡೀ ನಡುಗರುಳು ಒಮ್ಮೆ ತಿರುಚಿಕೊಂಡರೆ ರಕ್ತವೂ ನಿಲ್ಲುತ್ತದೆ. ಕೆಲವೇ ಗಂಟೆಗಳಲ್ಲಿ ಕರುಳು ಕಪ್ಪಾಗಬಹುದು. ಮೊದಮೊದಲು ಮಗುವಿನ ಹೊಟ್ಟೆ ಮೆತ್ತಗೇ ಇರುತ್ತದೆ, ಮಗು ಚೆನ್ನಾಗಿಯೇ ಕಾಣುತ್ತದೆ. ಹಸಿರು ವಾಂತಿಯೊಂದೇ ಸುಳಿವು. ದಯವಿಟ್ಟು ಬೆಳಗಾಗಲಿ ಎಂದು ಕಾಯಬೇಡಿ. ವಾಂತಿಯಾದ ಬಟ್ಟೆಯನ್ನೂ ಜೊತೆಗೇ ತನ್ನಿ, ಬಣ್ಣವನ್ನು ಬಾಯಲ್ಲಿ ಹೇಳುವುದಕ್ಕಿಂತ ತೋರಿಸುವುದು ಸುಲಭ.

ಇದಕ್ಕೆ ನಾವು ಮಾಡುವ ಆಪರೇಷನ್ ಅನ್ನು ಅಮೆರಿಕದ ಸರ್ಜನ್ ವಿಲಿಯಂ ಲ್ಯಾಡ್ 1936ರಲ್ಲಿ ವಿವರಿಸಿದರು. ತಿರುಚನ್ನು ಬಿಡಿಸಿ, ಕರುಳಿಗೆ ಅಡ್ಡ ಬಂದ ಪೊರೆಯ ಪಟ್ಟಿಗಳನ್ನು ಕತ್ತರಿಸಿ, ಬುಡವನ್ನು ಅಗಲ ಮಾಡುತ್ತೇವೆ. ಕರುಳನ್ನು ಎಲ್ಲರಲ್ಲಿ ಇರುವ ಜಾಗಕ್ಕೆ ತರಲು ಹೋಗುವುದಿಲ್ಲ. ಸಣ್ಣ ಕರುಳೆಲ್ಲ ಬಲಕ್ಕೆ, ದೊಡ್ಡ ಕರುಳೆಲ್ಲ ಎಡಕ್ಕೆ. ಹಾಗೆ ಇಟ್ಟರೆ ಅಪೆಂಡಿಕ್ಸ್ ಎಡಗಡೆ ಉಳಿಯುತ್ತದೆ. ಮುಂದೆ ಎಂದಾದರೂ ಅದು ನೋವಾದರೆ ಯಾವ ಡಾಕ್ಟರಿಗೂ ಥಟ್ಟನೆ ಹೊಳೆಯುವುದಿಲ್ಲ. ಅದಕ್ಕೇ ಸಾಮಾನ್ಯವಾಗಿ ಅದನ್ನೂ ಆಗಲೇ ತೆಗೆದುಬಿಡುತ್ತೇವೆ.